ಅಕ್ಕೋರು ಕೊಡದ ಒಂದು ಮಾರ್ಕು

ಅಕ್ಕೋರ ಸೆರಗಿನ ತುಂಬ ತೂತುಗಳಿದ್ದವು. ಕೆಲವು ಸಾಸಿವೆ ಕಾಳಿನಷ್ಟು, ಕೆಲವು ಹುಣಸೆ ಬೀಜದಷ್ಟು. ಇಲಿ ಕಡಿದದ್ದಲ್ಲ, ಪ್ರಯೋಗ ಮಾಡಿ ತೋರಿಸುವಾಗ ಸಿಡಿದ ಆ್ಯಸಿಡ್ ಹನಿಗಳ ಗುರುತು. ಮೊದಲ ಸಾಲಿನಲ್ಲಿ ಕೂತ ನಾನು ಪಾಠ ಬಿಟ್ಟು ಅವನ್ನೇ ಎಣಿಸುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ.

"ಎಷ್ಟಾದವೋ?" ಅಂದರು.

"ಹದಿನೇಳ್ರಿ ಅಕ್ಕೋರ."

"ಹದಿನೆಂಟು. ಒಂದು ಮಡಿಕಿ ಒಳಗ ಐತಿ. ಆ್ಯಸಿಡ್ ಬಿದ್ದಾಗ ಏನೂ ಕಾಣಂಗಿಲ್ಲ ನೋಡು, ಸೀರಿ ಒಗದು ಒಣ ಹಾಕಿದ ಮ್ಯಾಲ ತೂತು ಬೀಳ್ತೈತಿ. ಹಿಂಗ್ಯಾಕ ಅಂತ ನಾಳೆ ಬರಕೊಂಡು ಬಾ."

ನಮ್ಮ ಕಡೆ ಶಾಲೆಗೆ ಸಾಲಿ, ಟೀಚರಿಗೆ ಅಕ್ಕೋರು ಅನ್ನುತ್ತೇವೆ. ಇವರು ವಿಜ್ಞಾನದ ಅಕ್ಕೋರು. ಕುಕನೂರಿನಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು, ಊರ ಹೊರಗೆ ನಮ್ಮ ಹೈಸ್ಕೂಲು. ದಿನಾ ಕೊಪ್ಪಳದಿಂದ ಬಸ್ಸಿಗೆ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲಿ ಇರುತ್ತಿದ್ದರು.

ತಿದ್ದಿದ ಪೇಪರ್ ಹಂಚುವ ದಿನ ನಾವೆಲ್ಲ ಹಿಂದಿನ ಸಾಲಿಗೆ ಓಡುತ್ತಿದ್ದೆವು. ಅವರು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ನಾವು ಬರೆದದ್ದನ್ನು ಗಟ್ಟಿಯಾಗಿ ಓದಿ, ಅದು ನಿಜವೇ ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದರು. ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ ಅಂತ ಬರೆಯಬೇಕಿತ್ತು. ನನ್ನ ಗೆಳೆಯನೊಬ್ಬ "ಹಾಲು ಆಗುತ್ತದೆ" ಅಂತ ಬರೆದಿದ್ದ.

"ಭೇಷ್. ಇವತ್ತ ನಿಮ್ಮ ಮನ್ಯಾಗ ಎಮ್ಮಿ ಮಾರಾಕ ಹೇಳು. ಒಂದು ಸುಣ್ಣದ ಭಟ್ಟಿ ಇಡ್ರಿ, ಊರಿಗೆಲ್ಲ ಹಾಲು ಹಾಕ್ರಿ."

ಸಮೀಕರಣ ಸರಿದೂಗಿಸುವಾಗ ನಾವೆಲ್ಲ ಮಾಡುತ್ತಿದ್ದ ಕಳ್ಳಾಟವೊಂದಿತ್ತು. ಒಂದು ಕಡೆ ಆಕ್ಸಿಜನ್ ಕಡಿಮೆ ಬಿದ್ದರೆ ಮುಂದೆ ಸಂಖ್ಯೆ ಹಾಕುವ ಬದಲು H₂O ಪಕ್ಕದಲ್ಲಿ ಸಣ್ಣದೊಂದು ಎರಡು ಗೀಚಿ H₂O₂ ಮಾಡಿಬಿಡುವುದು. ಲೆಕ್ಕ ಸರಿಹೋಗುತ್ತಿತ್ತು. ಅಕ್ಕೋರು ಔಷಧಿ ಅಂಗಡಿಯಿಂದ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿಯನ್ನೇ ತಂದು ಮೇಜಿನ ಮೇಲಿಟ್ಟರು.

"ಗಾಯ ತೊಳಿಯೋ ಔಷಧ ಇದು. ಇದನ್ನ ನೀರು ಅಂತ ಬರದವರು ಎಂಟು ಮಂದಿ. ಸಾಲಾಗಿ ಬರ್ರಿ, ಒಂದೊಂದು ಲೋಟ ಕುಡೀರಿ."

ಯಾರೂ ಏಳಲಿಲ್ಲ. ಆಮೇಲೆ ಆ ತಪ್ಪನ್ನು ಯಾರೂ ಮಾಡಲೂ ಇಲ್ಲ.

ಆದರೆ ಒಂದು ತಪ್ಪಿನ ವಿಷಯದಲ್ಲಿ ಮಾತ್ರ ಅವರು ಜೋಕು ಮಾಡುತ್ತಿರಲಿಲ್ಲ. ಗಟ್ಟಿ ಆ್ಯಸಿಡ್ ತೆಳುಮಾಡುವಾಗ ಯಾವುದಕ್ಕೆ ಯಾವುದನ್ನು ಹಾಕಬೇಕು, ಯಾಕೆ? ಪಾಠದಲ್ಲಿ ಇರಲಿ ಇಲ್ಲದಿರಲಿ, ಎಂಟನೇತ್ತೆಯಿಂದ ಹತ್ತನೇತ್ತೆಯವರೆಗೆ ಅವರು ತೆಗೆದ ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಎರಡು ಮಾರ್ಕಿಗೆ ಈ ಪ್ರಶ್ನೆ ಇರುತ್ತಿತ್ತು. ನೀರಿಗೆ ಆ್ಯಸಿಡ್ ಅನ್ನು ನಿಧಾನಕ್ಕೆ ಹಾಕಬೇಕು. ಆ್ಯಸಿಡ್‌ಗೆ ನೀರು ಸುರಿದರೆ ಒಮ್ಮೆಲೇ ಶಾಖ ಎದ್ದು ಮುಖಕ್ಕೆ ಸಿಡಿಯುತ್ತದೆ. ಇಷ್ಟೇ. ಆದರೂ ಪ್ರತಿ ಸಲ ಅರ್ಧ ಕ್ಲಾಸು ತಿರುಗುಮುರುಗು ಬರೆಯುತ್ತಿತ್ತು.

ಯಾಕೆ ಅನ್ನುವುದನ್ನು ಅವರು ಕಂಡುಹಿಡಿದಿದ್ದರು. ಈಗ ನಾನು ಪಾಠದ ಎಷ್ಟೋ ವಿಡಿಯೋ ನೋಡಿದ್ದೇನೆ, ಯಾರೂ ಇದನ್ನು ಹೇಳಿದ್ದು ಕೇಳಿಲ್ಲ.

"ನಿಮ್ಮ ತಲಿ ತಪ್ಪಿಲ್ಲ, ನಿಮ್ಮ ಕೈ ತಪ್ಪೈತಿ," ಅನ್ನುತ್ತಿದ್ದರು. "ನಿಮ್ಮವ್ವ ಜ್ವಾಳದ ಹಿಟ್ಟಿಗೆ ನೀರು ಹಾಕ್ತಾಳ. ಮಜ್ಜಿಗಿಗೆ ನೀರು ಹಾಕ್ತಾಳ. ಸುಣ್ಣದ ಕಲ್ಲಿಗೆ ನೀರು ಹಾಕ್ತಾಳ. ಹುಟ್ಟಿದಾಗಿಂದ ನೋಡೀರಿ, ನಮ್ಮ ಮಂದಿ ಎಲ್ಲಾದಕ್ಕೂ ನೀರ ಹಾಕೋದು. ಆ್ಯಸಿಡ್ ಕಂಡ್ರೂ ಕೈ ನೀರಿನ ತಂಬಗಿಗೇ ಹೋಗ್ತೈತಿ."

ಅದಕ್ಕೇ ಕೈಗೆ ಪಾಠ. ಎರಡು ಲೋಟ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಕುಂಕುಮ ಕಲಸಿದ ನೀರು. ಕೆಂಪು ಅಂದರೆ ಆ್ಯಸಿಡ್ ಅಂದುಕೊಳ್ಳಬೇಕು. ಪ್ರಾರ್ಥನೆ ಮುಗಿಸಿ ಒಳಗೆ ಬರುವಾಗ ಬಾಗಿಲಲ್ಲಿ ಒಬ್ಬೊಬ್ಬರೂ ಕೆಂಪನ್ನು ಬಿಳಿಗೆ ಸುರಿದು ಮುಂದೆ ಹೋಗಬೇಕು. ಗಣಿತದ ಸರ್ ನಗುತ್ತಿದ್ದರು, "ಏನ್ರೀ ಅಕ್ಕೋರ, ದಿನಾ ಆರತಿ ಎತ್ತಸ್ತೀರಿ!" ಅಕ್ಕೋರು ನಗುತ್ತಿರಲಿಲ್ಲ.

ಒಂಬತ್ತನೇತ್ತೆಯ ವಾರ್ಷಿಕ ಪರೀಕ್ಷೆಯಲ್ಲಿ ನಾನು ತಿರುಗುಮುರುಗು ಬರೆದೆ. ಒಂದು ವರ್ಷ ಕುಂಕುಮದ ನೀರು ಸುರಿದವನು! "ಆಮ್ಲಕ್ಕೆ ನಿಧಾನವಾಗಿ ನೀರನ್ನು ಸೇರಿಸಬೇಕು, ಏಕೆಂದರೆ ಹೆಚ್ಚು ಶಾಖ ಬಿಡುಗಡೆಯಾಗುತ್ತದೆ." ಕಾರಣ ಸರಿ, ಕೆಲಸ ತಪ್ಪು. ಬೇರೆ ಯಾರೇ ಆಗಿದ್ದರೂ ಕಾರಣಕ್ಕೆ ಒಂದು ಮಾರ್ಕು ಕೊಡುತ್ತಿದ್ದರು. ಅಕ್ಕೋರು ಸೊನ್ನೆ ಹಾಕಿದರು. ವಿಜ್ಞಾನದಲ್ಲಿ ಮೂವತ್ತನಾಲ್ಕು. ಪಾಸಾಗಲು ಮೂವತ್ತೈದು ಬೇಕು.

ನಮ್ಮಪ್ಪ ಕುಕನೂರಿನ ದಲಾಲಿ ಅಂಗಡಿಯೊಂದರಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಬೆನ್ನು ಬಾಗಿತ್ತು. ಪಾಸಾದರೆ ಸಾಲಿ, ಫೇಲಾದರೆ ತನ್ನ ಕೂಡ ಚೀಲ, ಅಂತ ಮೊದಲೇ ಹೇಳಿದ್ದ. ಹಾಗಂದವನೇ ರಿಸಲ್ಟಿನ ಮರುದಿನ ಕೆಲಸ ಬಿಟ್ಟು ನನ್ನನ್ನು ಕರೆದುಕೊಂಡು ಸಾಲಿಗೆ ಬಂದ. ಹೆಡ್‌ಮಾಸ್ತರೂ ನಮ್ಮ ಪರವಾಗಿದ್ದರು.

"ಒಂದ ಮಾರ್ಕಲ್ರೀ ಅಕ್ಕೋರ," ಅಂದರು ಅವರು. "ಎಲ್ಯಾರ ಒಂದ ಕಡೆ ಸೇರಿಸಿಬಿಡ್ರಿ."

"ಬ್ಯಾರೆ ಪ್ರಶ್ನಿಗೆಲ್ಲ ಬರೋದನ್ನ ಕೊಟ್ಟೀನ್ರಿ ಸರ್. ಇದಕ್ಕ ಕೊಡಂಗಿಲ್ಲ."

ಅಪ್ಪ ಬಗ್ಗಿ ನಿಂತ. ಅವನ ಬೆನ್ನು ಮೊದಲೇ ಬಗ್ಗಿದ್ದರಿಂದ ಅವರ ಕಾಲಿಗೆ ಬೀಳುತ್ತಾನೆ ಅನ್ನಿಸಿತು. "ಅಕ್ಕೋರ, ನನ್ನ ಬೆನ್ನ ನೋಡ್ರಿ. ಇದ ಬೆನ್ನು ಈ ಹುಡುಗಗ ಬರಬಾರ್ದು ಅಂತ ಸಾಲಿಗೆ ಹಚ್ಚೀನಿ. ಒಂದ ಮಾರ್ಕು ಭಿಕ್ಷಾ ಹಾಕ್ರಿ."

ಅಕ್ಕೋರು ಪೇಪರಿನ ಮೇಲಿಂದ ಕಣ್ಣೆತ್ತಲಿಲ್ಲ. "ಯಪ್ಪಾ, ನನ್ನ ಕೈಲಿ ಆಗಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮುಂದೆಯೇ ಕೂಗಿದೆ, "ನಿಮ್ಮಿಂದ ನನ್ನ ಬಾಳೆ ಹಾಳಾತ್ರಿ!"

ಆಗ ತಲೆಯೆತ್ತಿದರು. "ಹಾಳಾಗ್ಲಿ," ಅಂದರು. "ಕಣ್ಣಾದ್ರೂ ಉಳೀತಾವಲ್ಲ."

ನನಗೇನೂ ತಿಳಿಯಲಿಲ್ಲ. ಕಲ್ಲಿನ ಹೆಂಗಸು ಅಂದುಕೊಂಡೆ.

ಜೂನ್‌ನಿಂದ ಚೀಲ ಹೊರಲು ಶುರು ಮಾಡಿದೆ. ಹದಿನೈದು ವರ್ಷದ ಭುಜ, ಕಡಲೆ ಚೀಲ, ಮೆಕ್ಕೆಜೋಳದ ಚೀಲ. ಒಂದು ತಿಂಗಳಾಗಿರಬೇಕು. ಶನಿವಾರ ಸಾಲಿ ಬಿಟ್ಟ ಮೇಲೆ ಅಕ್ಕೋರು ಅಂಗಡಿಯ ಮುಂದೆ ಬಂದು ನಿಂತರು. ಕ್ಷಮೆ ಕೇಳಲು ಬಂದಿದ್ದಾರೆ ಅಂದುಕೊಂಡೆ.

"ಕಬ್ಬಿಣದ ತುಕ್ಕು. ಸೂತ್ರ ಹೇಳು," ಅಂದರು.

ನಾನು ಮುಖ ತಿರುಗಿಸಿ ಚೀಲ ಎತ್ತಿದೆ. ಅವರು ಹತ್ತನೇತ್ತೆಯ ಪುಸ್ತಕವೊಂದನ್ನು ತಕ್ಕಡಿಯ ಮೇಲಿಟ್ಟು ಬಸ್ಸಿಗೆ ಹೋದರು. ಮುಂದಿನ ಶನಿವಾರ ಮತ್ತೆ ಬಂದರು, ಅದೇ ಪ್ರಶ್ನೆ. ಮೂರನೇ ಶನಿವಾರ, ಇವರ ಕಾಟ ತಪ್ಪಲಿ ಅಂತ ಸೂತ್ರ ಓದಿಕೊಂಡಿದ್ದೆ. ಹೇಳಿದೆ. "ನೀರಿನ ಅಣು ಹೇಳೋದು ಬಿಟ್ಟಿ" ಅಂದು ಹೋದರು. ಹೀಗೆ ಎರಡು ವರ್ಷ, ವಾರಕ್ಕೊಂದು ಪ್ರಶ್ನೆ. ಹಮಾಲರಿಗೆಲ್ಲ ಅದೊಂದು ತಮಾಷೆಯಾಯಿತು. ಒಬ್ಬ ಹಿರಿಯ, "ಅಕ್ಕೋರ, ನನಗೂ ಒಂದು ಕೇಳ್ರಿ," ಅಂದ.

"ಈ ಚೀಲದಾಗ ಏನೈತಿ?"

"ಕಡ್ಲಿರಿ."

"ಪಾಸು."

ಅವತ್ತು ನಾನೂ ನಕ್ಕೆ. ಅಷ್ಟರಲ್ಲಿ ನನಗೆ ರಸಾಯನಶಾಸ್ತ್ರದ ಹುಚ್ಚು ಹಿಡಿದಾಗಿತ್ತು. ಊಟದ ಹೊತ್ತಿನಲ್ಲಿ ಅಪ್ಪನ ಮೊಬೈಲ್‌ನಲ್ಲಿ ಪಾಠ ನೋಡುತ್ತಿದ್ದೆ. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ. ಆದರೆ ಕಾಲೇಜಿಗೆ ಹೋಗಲಾಗಲಿಲ್ಲ. ಆ ವರ್ಷವೇ ಅಪ್ಪ ಹಾಸಿಗೆ ಹಿಡಿದ, ಮನೆ ನನ್ನ ಭುಜಕ್ಕೆ ಬಂತು. ಒಂದು ವರ್ಷ ಮೊದಲೇ ಪಾಸಾಗಿದ್ದರೆ ಕಾಲೇಜಿಗೆ ಹೆಸರಾದರೂ ಹಚ್ಚಿರುತ್ತಿದ್ದೆ. ಆ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ಪಾಸಾದ ಪೇಢೆ ಹಿಡಿದು ಅಕ್ಕೋರ ಮನೆಗೆ ಹೋದಾಗ ಕೇಳಿಯೇಬಿಟ್ಟೆ, "ಆ ಒಂದ ಮಾರ್ಕು ಯಾಕ ಕೊಡ್ಲಿಲ್ರಿ?"

ಆಗ ಹೇಳಿದರು. ನಮ್ಮ ಸಾಲಿಗೆ ಬರುವ ಮೊದಲು ಅವರು ಗಂಗಾವತಿ ಹತ್ತಿರದ ಸಿದ್ದಾಪುರದ ಸಾಲಿಯಲ್ಲಿದ್ದರು. ಅಲ್ಲೊಬ್ಬ ಹುಡುಗ ಇದೇ ಪ್ರಶ್ನೆಗೆ ಇದೇ ತಪ್ಪು ಬರೆದಿದ್ದ. ಕಾರಣ ಸರಿ ಇದೆಯಲ್ಲ ಅಂತ ಒಂದು ಮಾರ್ಕು ಕೊಟ್ಟಿದ್ದರು. ಸಾಲಿ ಬಿಟ್ಟ ಮೇಲೆ ಅವನು ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ರಿಪೇರಿ ಮಾಡುವ ಅಂಗಡಿ ಸೇರಿದ. ಅಲ್ಲಿ ಗಟ್ಟಿ ಆ್ಯಸಿಡ್ ತಂದು ತೆಳುಮಾಡುತ್ತಿದ್ದರು. ಒಂದು ದಿನ ಆ್ಯಸಿಡ್ ಮುಖಕ್ಕೆ ಸಿಡಿದು ಎರಡೂ ಕಣ್ಣು ಹೋದವು. ಅಕ್ಕೋರು ಆಸ್ಪತ್ರೆಗೆ ಓಡಿದರು. ಮುಖದ ತುಂಬ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಅವನು, ದನಿ ಕೇಳಿ ಗುರುತು ಹಿಡಿದು, ಒಂದೇ ಮಾತು ಅಂದನಂತೆ: "ನೀವ ಮಾರ್ಕು ಕೊಟ್ಟಿದ್ರಲ್ರಿ ಅಕ್ಕೋರ."

ಇಷ್ಟು ಹೇಳಿ ಎದ್ದು ಒಳಗೆ ಹೋದರು. ಚಹಾ ತರುತ್ತಾರೆ ಅಂತ ಕಾದೆ. ತರಲಿಲ್ಲ. ಅವರ ತಮ್ಮನ ಹೆಂಡತಿ ಬಂದು, "ಇನ್ನ ಹೋಗಪ್ಪಾ, ಆಕಿ ಇವತ್ತ ಹೊರಗ ಬರಂಗಿಲ್ಲ," ಅಂದರು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಬೆಳಗ್ಗೆ ಸಾಲಿಗೆ ಹೊರಟವರು ಹೊಸ್ತಿಲಲ್ಲೇ ಕುಸಿದರು. ಮೆದುಳಲ್ಲಿ ರಕ್ತನಾಳ ಒಡೆದಿದೆ ಅಂದರು ಡಾಕ್ಟರು. ನಾಲ್ಕು ದಿನ ಮಾತಿಲ್ಲದೆ ಮಲಗಿದ್ದರು, ಐದನೆಯ ದಿನ ಇರಲಿಲ್ಲ.

ಮಣ್ಣಾದ ಮೂರನೆಯ ದಿನ ಅವರ ಮನೆಗೆ ಹೋದೆ. ಅಂಗಳದ ಕುರ್ಚಿಯಲ್ಲಿ ಕಪ್ಪು ಕನ್ನಡಕದವನೊಬ್ಬ ಕೂತಿದ್ದ. ಕೆನ್ನೆ, ಕತ್ತು ಎಲ್ಲ ಕರಗಿ ಹೆಪ್ಪುಗಟ್ಟಿದ ಹಾಗಿತ್ತು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಪಕ್ಕ ಕೂತೆ. ಅಕ್ಕೋರ ಸಾಲಿಯವನು ಅಂದೆ. ಒಂಬತ್ತು ವರ್ಷದಿಂದ ಪ್ರತಿ ರವಿವಾರ ಅಕ್ಕೋರು ಬಸ್ ಹಿಡಿದು ಸಿದ್ದಾಪುರಕ್ಕೆ ಬರುತ್ತಿದ್ದರು, ಅಂದ. ಪೇಪರ್ ಓದಿ ಹೇಳುತ್ತಿದ್ದರು, ಕೈಯ ಉಗುರು ತೆಗೆಯುತ್ತಿದ್ದರು. ಅಣ್ಣನ ಮನೆಯ ಪಡಸಾಲೆಯಲ್ಲಿ ಬಿದ್ದಿರುವ ಅವನನ್ನು ಮಾತಾಡಿಸಲು ಬೇರೆ ಯಾರೂ ಬರುತ್ತಿರಲಿಲ್ಲ.

"ಆ ಒಂದ ಮಾರ್ಕು ಅವರನ್ನ ತಿಂದುಹಾಕ್ತ್ರಿ," ಅಂದೆ. "ಆ್ಯಸಿಡ್‌ಗೆ ನೀರು ಹಾಕಬಾರ್ದು ಅಂತ ನಮಗ ದಿನಾ ಹೇಳ್ತಿದ್ರು."

ಅವನು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡ. ಆಮೇಲೆ ದನಿ ಇಳಿಸಿ ಹೇಳಿದ. "ಅವತ್ತ ನಾ ನೀರ ಹಾಕಿದ್ದಿಲ್ರಿ. ನೀರ ಇನ್ನೂ ತಂದ ಇದ್ದಿಲ್ಲ. ಆ್ಯಸಿಡ್ ಕ್ಯಾನ್ ಎತ್ತಾಕ ಹೋದೆ, ಹಿಡಿಕಿ ಕಿತ್ತು ಬಂತು. ಕ್ಯಾನ್ ನೆಲಕ್ಕ ಬಿದ್ದು, ಮುಚ್ಚಳ ಹಾರಿ, ಮುಖಕ್ಕ ಸಿಡೀತು. ಅಷ್ಟ."

"ಮತ್ತ ದವಾಖಾನ್ಯಾಗ ಅವರಿಗೆ ಹಂಗ ಅಂದ್ರಿ?"

"ಕಣ್ಣು ಹೋಗಿದ್ವು. ಯಾರಿಗರ ಅನ್ನಬೇಕಿತ್ತು. ಅವರ ಸಿಕ್ರು."

"ಆಮ್ಯಾಲರ ಹೇಳಬೇಕಿತ್ತಲ್ರಿ! ಒಂಬತ್ತು ವರ್ಷ..."

"ಹೇಳಿದ್ರ ಬರೋದು ಬಿಡ್ತಿದ್ರು."

"ಬಿಡ್ತಿದ್ದಿಲ್ರಿ."

"ನಿಮಗ ಬಂದು ಹೋಗೋರು ಹತ್ತು ಮಂದಿ ಅದಾರ, ನೀವು ಅಂತೀರಿ," ಅಂದ. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, "ನಿಮಗೂ ಸೊನ್ನಿ ಹಾಕಿದ್ರೇನು?"

"ಹೂಂ. ಒಂದ ಮಾರ್ಕಿಗೆ ಫೇಲಾದೆ."

"ಹಂಗಾರ ಅದೂ ನನ್ನಿಂದ ಆತು," ಅಂದ.

ಎದ್ದು ಹೋಗಬೇಕು ಅನ್ನಿಸಿತು. ಆದರೆ ಅವನು ಬಸ್‌ಸ್ಟ್ಯಾಂಡಿಗೆ ಹೋಗಬೇಕಿತ್ತು, ಕೈ ಚಾಚಿದ. ಹಿಡಿದುಕೊಂಡೆ. ಗಂಗಾವತಿ ಬಸ್ಸಿನಲ್ಲಿ ಸೀಟು ಹಿಡಿದು ಕೂಡಿಸಿ, ಎಲ್ಲಿ ಇಳಿಸಬೇಕು ಅಂತ ಕಂಡಕ್ಟರಿಗೆ ಹೇಳಿ ಕೆಳಗಿಳಿದೆ.

ಈಗ ಸಂಜೆ ಹೊತ್ತು ಊರಿನ ಫೇಲಾದ ಹುಡುಗರನ್ನು ಕೂಡಿಸಿಕೊಂಡು ನನಗೆ ತಿಳಿದಷ್ಟು ಹೇಳಿಕೊಡುತ್ತೇನೆ. ಅವರ ಪೇಪರ್ ತಿದ್ದುವಾಗೆಲ್ಲ ಇದು ನೆನಪಾಗುತ್ತದೆ. ನನ್ನ ಉತ್ತರ ತಪ್ಪಿತ್ತು. ಅಕ್ಕೋರು ಯಾವ ಕಾರಣಕ್ಕೆ ಸೊನ್ನೆ ಹಾಕಿರಲಿ, ನನ್ನ ಕೈ ಬರೆದದ್ದು ತಪ್ಪೇ. ಆ ಸೊನ್ನೆ ನನ್ನದು, ಅದರ ಬಗ್ಗೆ ಈಗ ಜಗಳವಿಲ್ಲ. ಆದರೆ ಸಿದ್ದಾಪುರದ ಹುಡುಗನ ಕಣ್ಣು ಹೋದ ತಪ್ಪು ಅಕ್ಕೋರದ್ದಾಗಿರಲಿಲ್ಲ. ಒಂಬತ್ತು ವರ್ಷ ಅದನ್ನು ತಮ್ಮದೆಂದು ಹೊತ್ತು ತಿರುಗಿದರು. ತಿದ್ದಿ ಅವರ ಕೈಗೆ ಕೊಡೋಣವೆಂದರೆ ಅಕ್ಕೋರಿಲ್ಲ.