ಎಡಬಾಗಿಲ ನೀಲಿ

ಪೇಂಟರ್ ರಾಚಪ್ಪಣ್ಣನ ಬಲಗೈಯ ಅಂಗೈ ನೋಡಿದವರು ಅದನ್ನು ಮರೆಯುವುದಿಲ್ಲ. ಸೀದ ರೊಟ್ಟಿಯ ಹಾಗೆ ಗಟ್ಟಿಯಾಗಿ, ಅಲ್ಲಲ್ಲಿ ಕಪ್ಪಾಗಿತ್ತು. ಕೊಳ್ಳೇಗಾಲದ ಬೀದಿಯಲ್ಲಿ ನಡುಮಧ್ಯಾಹ್ನ ಹೋಗುತ್ತಿರುವಾಗ ಬಿಸಿಲಲ್ಲಿ ನಿಂತ ಗಾಡಿ ಯಾವುದು ಕಂಡರೂ ಸರಿ, ಆ ಅಂಗೈಯನ್ನು ಅದರ ನೆತ್ತಿಯ ಮೇಲೆ ಊರುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಹಾ ಎಂದು ಕೈ ಕಿತ್ತುಕೊಳ್ಳುತ್ತಿದ್ದರು. ಆತ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಗಾಡಿಯ ಯಜಮಾನ ಎಲ್ಲಿದ್ದಾನೆಂದು ಹುಡುಕಿಕೊಂಡು ಹೋಗಿ ಬೈಯುತ್ತಿದ್ದ. ಗುರುತು ಪರಿಚಯ ಏನೂ ಬೇಕಿರಲಿಲ್ಲ.

"ಯಾರ್ರೀ ಆ ಕೆಂಪ್ ಕಾರು? ನಿಮ್ಮ ಎಂಡ್ರು ಮಕ್ಳುನ್ನೂ ಇಂಗೇ ಬಿಸ್ಲಗ್ ನಿಲ್ಸ್ಬುಟ್ಟು ಬಂದು ಟೀ ಕುಡೀತೀರಾ?"

ಕೆಲವರು ನಗುತ್ತಿದ್ದರು. ಕೆಲವರು ಹುಚ್ಚ ಅನ್ನುತ್ತಿದ್ದರು. ಯಾವುದೋ ಇಲಾಖೆಯ ಸಾಹೇಬರೊಬ್ಬರು ಸುಮ್ಮನೆ ಎದ್ದು ಹೋಗಿ ಜೀಪನ್ನು ನೆರಳಿಗೆ ಹಾಕಿಸಿದ್ದನ್ನು ನಾನೇ ಕಂಡಿದ್ದೇನೆ. ಆತನನ್ನು ನೆನೆದಾಗ ಎಲ್ಲರಿಗೂ ನಗು ಬರುತ್ತದೆ. ನನಗೆ ಬರುವುದು ಸಿಟ್ಟು. ಸ್ವಲ್ಪ ಆತನ ಮೇಲೆ, ಮಿಕ್ಕಿದ್ದೆಲ್ಲ ನನ್ನ ಮೇಲೆ.

ನಾನು ಹನೂರಿನವನು, ಹೆಸರು ನಂಜುಂಡ. ಹದಿನೈದು ವರ್ಷ ಬಾಡಿಗೆ ವ್ಯಾನ್ ಓಡಿಸಿದೆ. ಆಮೇಲೆ ಅದೇ ವ್ಯಾನಿನ ಸೀಟು ಕಿತ್ತು, ಎರಡು ಮಂಚ, ಒಂದು ಒಲೆ, ನೆತ್ತಿಯ ಮೇಲೊಂದು ನೀರಿನ ಟ್ಯಾಂಕು ಕೂರಿಸಿ ಮನೆಗಾಡಿ ಮಾಡಿದೆ. ಪಟ್ಟಣದ ಜನ ಸಂಸಾರ ಸಮೇತ ಬಂದು, ಬಿಳಿಗಿರಿರಂಗನ ಬೆಟ್ಟದ ಕಡೆಗೋ ಪಾಲಾರಿನ ಕಡೆಗೋ ಹೋಗಿ, ಎರಡು ದಿನ ಅದರಲ್ಲೇ ಅಡುಗೆ ಮಾಡಿಕೊಂಡು ಮಲಗಿ ಬರುತ್ತಾರೆ. ಅದಕ್ಕೆ ಬಣ್ಣ ಹೊಡೆಸಲು ರಾಚಪ್ಪಣ್ಣನ ಶೆಡ್ಡಿಗೆ ಹೋದೆ. ನನಗೆ ಕಪ್ಪು ಬೇಕಿತ್ತು. ಫೋಟೋದಲ್ಲಿ ಕಪ್ಪು ಗಾಡಿ ಚೆನ್ನಾಗಿ ಕಾಣುತ್ತದೆ ಎಂದು ಯಾರೋ ತಲೆಗೆ ತುಂಬಿದ್ದರು.

"ಕರಿ ಬಣ್ಣ ಬಿಸ್ಲ ಕುಡೀತದೆ ಕಣ್ಲಾ," ಅಂದ. "ಒಳಗ್ ಮಲ್ಗಿರೋರು ಇಡ್ಲಿ ಬೆಂದಂಗೆ ಬೇಯ್ತಾರೆ. ನೆತ್ತಿಗೆ ಬಿಳಿ, ಮೈಗೆ ಆಕಾಶನೀಲಿ. ಒಪ್ಪುದ್ರೆ ಗಾಡಿ ಬುಟ್ಟೋಗು. ಇಲ್ದಿದ್ರೆ ತಕಂಡೋಗು."

ಬಿಟ್ಟು ಬಂದೆ. ವಾರದ ಮೇಲೆ ಹೋಗಿ ನೋಡಿದರೆ ಗಾಡಿ ಎಷ್ಟು ಚೆನ್ನಾಗಿತ್ತೆಂದರೆ ಮೂರು ಸಲ ಸುತ್ತಿ ಸುತ್ತಿ ನೋಡಿದೆ. ಆತನಿಗೆ ಮಾತ್ರ ಸಮಾಧಾನವಿರಲಿಲ್ಲ. "ಬಣ್ಣ ನಾನೊಬ್ನೇ ಹಾಕೋದಲ್ಲ. ಅರ್ಧ ನಾನ್ ಹಾಕ್ತೀನಿ, ಮಿಕ್ಕುದ್ದ ಬಿಸ್ಲು ಹಾಕ್ತದೆ," ಅಂದ. ಈ ಮಾತನ್ನು ಪ್ರತಿ ಗಾಡಿ ಹೊರಗೆ ಬಿಡುವಾಗಲೂ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಹಾಗೆಂದರೇನು ಎಂದು ನಾನೂ ಕೇಳಲಿಲ್ಲ, ಬೇರೆ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ.

ನಮ್ಮ ಕಡೆ ಡ್ರೈವರುಗಳಿಗೆ ಒಂದು ಅಭ್ಯಾಸವಿದೆ. ಶುಕ್ರವಾರ ಬೆಳಿಗ್ಗೆ ಗಾಡಿ ತೊಳೆದು, ಡೀಸೆಲ್ಲಲ್ಲಿ ಅದ್ದಿದ ಬಟ್ಟೆಯಿಂದ ಮೈಯೆಲ್ಲ ಒರೆಸಿ, ಆಮೇಲೆ ಕುಂಕುಮ ಇಟ್ಟು ನಿಂಬೆಹಣ್ಣು ಕಟ್ಟುತ್ತೇವೆ. ಡೀಸೆಲ್ ಒರೆಸಿದರೆ ಗಾಡಿ ಹೊಸದರಂತೆ ಮಿರುಗುತ್ತದೆ. ನಾನೂ ಮೂರು ತಿಂಗಳು ಹಾಗೇ ಒರೆಸಿದೆ. ಒಂದು ಸಲ ಕೊಳ್ಳೇಗಾಲಕ್ಕೆ ಹೋದಾಗ ರಾಚಪ್ಪಣ್ಣ ಗಾಡಿಯ ಮೇಲೆ ಅಂಗೈ ಊರಿ, ಆ ಕೈಯನ್ನು ಮೂಗಿಗೆ ಹಿಡಿದ.

"ಏನ್ಲಾ ಒರ್ಸಿದ್ದೀಯೆ?"

"ಡೀಸೆಲ್ಲು ಕಣಣ್ಣ. ಹೊಳಪು ಬರ್ಲಿ ಅಂತ. ಎಲ್ರೂ ಒರುಸ್ತಾರಲ್ಲ."

"ಎಣ್ಣೆ ಹಚ್ಚಿ ಕಾಯ್ಸಕೆ ಇದೇನ್ ಬಾಣಂತಿಯೇನ್ಲಾ? ಬಣ್ಣದ್ ಜೀವ ತಗೀತಾವ್ನೆ, ಕುಂಕುಮ ಬೇರೆ ಇಟ್ಟವ್ನೆ."

ಗಾಡಿಯಲ್ಲಿದ್ದ ಡೀಸೆಲ್ ಬಟ್ಟೆಯನ್ನು ಹುಡುಕಿ ತೆಗೆದು ಮೋರಿಗೆ ಎಸೆದ. ಆಮೇಲೆ ಎಲ್ಲವನ್ನೂ ಬೈಯುತ್ತಲೇ ಕಲಿಸಿದ. ಹೊತ್ತು ಹುಟ್ಟುವ ಮೊದಲು ತೊಳೆಯಬೇಕು. ಕಾದ ತಗಡಿಗೆ ತಣ್ಣೀರು ಎರಚಬಾರದು. ಹಳೇ ಪಂಚೆಯ ತುಂಡಿನಲ್ಲಿ ಮೇಣದ ಪಾಲಿಶ್ ತಿಕ್ಕಬೇಕು, ನೆತ್ತಿಗೆ ಎರಡು ಸಲ. ನೆರಳು ಅಂತ ಹುಣಸೆ ಮರದ ಕೆಳಗೆ ನಿಲ್ಲಿಸಿದರೆ ಹಕ್ಕಿಯ ಪಿಕ್ಕೆ ಬಿದ್ದು ಬಣ್ಣ ತಿನ್ನುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ಒಳಗೇ ಬೆವರುತ್ತದೆ, ಬಟ್ಟೆಯ ಹೊದಿಕೆಯೇ ಬೇಕು. ಬಯಲಲ್ಲೇ ನಿಲ್ಲಿಸಬೇಕಾದರೆ ಇವತ್ತು ಮೂತಿ ಪೂರ್ವಕ್ಕೆ, ನಾಳೆ ಪಶ್ಚಿಮಕ್ಕೆ. "ರೊಟ್ಟೀನ ಒಂದೇ ಮಗ್ಗುಲ್ಗೆ ಬೇಯಿಸ್ತಾಳೇನ್ಲಾ ನಿನ್ನೆಂಡ್ತಿ?" ಅಂತ ಕೇಳಿದ. ಬೈಗುಳ ತಿಂದು ತಿಂದು ನನ್ನ ಗಾಡಿ ಹನೂರಿಗೇ ಚೆಂದದ ಗಾಡಿಯಾಯಿತು.

ಇಷ್ಟೆಲ್ಲ ಹೇಳುವ ಮನುಷ್ಯ ತನ್ನ ತಲೆಯ ಮೇಲೊಂದು ಟವೆಲ್ಲೂ ಹಾಕಿಕೊಳ್ಳುತ್ತಿರಲಿಲ್ಲ. ಶೆಡ್ಡಿನಲ್ಲಿ ಬಣ್ಣ ಹೊಡೆದರೂ ಅದನ್ನು ನೋಡಲು ಗಾಡಿಯನ್ನು ಹನ್ನೆರಡು ಗಂಟೆಯ ಬಿಸಿಲಿಗೆ ತಳ್ಳಿಸಿ, ಮಿಂಚುವ ತಗಡಿನ ಮುಂದೆ ಕಣ್ಣರಳಿಸಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದ. ಎಡಗಣ್ಣಿನಲ್ಲಿ ಮೂಗಿನ ಕಡೆಯಿಂದ ಒಂದು ಕೆಂಪು ಪೊರೆ ಬೆಳೆದು ಕರಿಗುಡ್ಡೆಯ ಅಂಚಿಗೆ ಬಂದಿತ್ತು. ಬಿಸಿಲಿಗೆ ಬೆಳೆಯುತ್ತದೆ, ಕಪ್ಪು ಕನ್ನಡಕ ಹಾಕು ಎಂದು ಡಾಕ್ಟರು ಹೇಳಿದ್ದರಂತೆ. ನಾನೇ ಒಂದು ಕನ್ನಡಕ ತೆಗೆದುಕೊಂಡು ಹೋಗಿ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ ನನ್ನ ಜೇಬಿಗೇ ತುರುಕಿದ.

"ಇದ ಹಾಕ್ಕಂಡು ಬಣ್ಣ ನೋಡು ಅಂತೀಯಾ? ನೀನು ಬಾಯ್ಗೆ ಬಟ್ಟೆ ಕಟ್ಕಂಡು ಉಣ್ಣು, ನೋಡುವಾ."

"ಊರ್ ಗಾಡಿಗೆಲ್ಲಾ ನೆಳ್ಳು ಬೇಕು, ನಿನ್ ಕಣ್ಗೆ ಬ್ಯಾಡ್ವಾ?" ಅಂದೆ. ಕೇಳಿಸದವನ ಹಾಗೆ ಉಪ್ಪುಕಾಗದದಲ್ಲಿ ತಗಡು ತಿಕ್ಕುತ್ತ ಕೂತ. ಅವತ್ತು ನನಗೆ ಬಂದ ಸಿಟ್ಟು ಪ್ರೀತಿಯ ಸಿಟ್ಟು. ಮುಂದೆ ಬಂದದ್ದು ಅಂಥದ್ದಲ್ಲ.

ಹೋದ ವರ್ಷ ಶಿವರಾತ್ರಿಗೆ ಮುಂಚೆ, ಹೂಗ್ಯಂ ಹತ್ತಿರದ ತಿರುವಿನಲ್ಲಿ ಜೋಳದ ಮೂಟೆ ತುಂಬಿದ ಟ್ರ್ಯಾಕ್ಟರೊಂದು ನನ್ನ ಗಾಡಿಯ ಎಡಬಾಗಿಲನ್ನು ಉಜ್ಜಿಕೊಂಡು ಹೋಯಿತು. ರಾಚಪ್ಪಣ್ಣ ತಗಡು ತಟ್ಟಿಸಿ, ತಗ್ಗು ಮುಚ್ಚಲು ಪುಟ್ಟಿ ಮೆತ್ತಿ, ಬಣ್ಣ ಕಲಸಿ ಹೊಡೆದ. ನಾಲ್ಕನೇ ದಿನ ಗಾಡಿ ತರಲು ಹೋದೆ. ಮಾರನೇ ಬೆಳಿಗ್ಗೆ ಒಂದು ಸಂಸಾರ ಹೊರಡುವುದಿತ್ತು. ಹನೂರು ಸ್ಟ್ಯಾಂಡಿನ ಮೂವರು ಡ್ರೈವರುಗಳು ಜೊತೆಯಲ್ಲಿದ್ದರು. ಗಾಡಿಯನ್ನು ಬಿಸಿಲಿಗೆ ತಳ್ಳಿದರೆ, ಗಾಡಿಯದೆಲ್ಲ ಒಂದು ನೀಲಿ, ಎಡಬಾಗಿಲಿನದೇ ಒಂದು ನೀಲಿ. ಹಳೇ ಸೀರೆಗೆ ಹೊಸ ಬಟ್ಟೆಯ ತೇಪೆ ಹಾಕಿದಂತೆ ಗಾಢವಾಗಿ ಎದ್ದು ಕಾಣುತ್ತಿತ್ತು. ಜೊತೆಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ನನ್ನ ಪಿತ್ತ ನೆತ್ತಿಗೇರಿತು.

"ಏನಣ್ಣ ಇದು? ಬಣ್ಣ ಕೂಡ್ಕಂಡಿಲ್ವಲ್ಲ."

"ಒಂದ್ ಬೇಸ್ಗೆ ತಡಿ," ಅಂದ.

"ಬೇಸ್ಗೆ ಯಾಕ್ ತಡೀಬೇಕು? ನಾಳೆ ಜನ ಬತ್ತಾರೆ. ಕಣ್ ಕಾಣಲ್ಲ ನಿಂಗೆ. ಅದ ಒಪ್ಕ. ಕಣ್ ಕಾಣ್ದೋನು ಯಾಕಣ್ಣ ಬಣ್ಣದ್ ಕೆಲ್ಸ ಮಾಡ್ಬೇಕು?"

ಈ ಮಾತು ಬಾಯಿಂದ ಬಿದ್ದಾಗ ನನಗೆ ಒಂದು ಬಗೆಯ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ವರ್ಷಗಟ್ಟಲೆ ಬೈಸಿಕೊಂಡವನಿಗೆ ತಿರುಗಿಸಿ ಬೈಯಲು ಸಿಕ್ಕ ಸುಖ. ದಾರಿಹೋಕರನ್ನೆಲ್ಲ ಬೈಯುವ ಆ ಮನುಷ್ಯ ನನಗೆ ತಿರುಗಿಸಿ ಬೈಯಲಿಲ್ಲ. ಎಡಬಾಗಿಲ ಮೇಲೊಮ್ಮೆ ಅಂಗೈ ಊರಿ ತೆಗೆದ. "ತಡಿ ಅಂದ್ನಲ್ಲ," ಅಂತ ಮಾತ್ರ ಹೇಳಿ ಒಳಗೆ ಹೋದ. ನಾನು ಆತನನ್ನು ನೋಡಿದ್ದು ಅದೇ ಕೊನೆ.

ಅಷ್ಟಕ್ಕೇ ಬಿಟ್ಟೆನೇ? ಇಲ್ಲ. ಹನೂರು ಸ್ಟ್ಯಾಂಡಿನಲ್ಲಿ ನಿಂತು, ಬಾಗಿಲು ತೋರಿಸಿ ತೋರಿಸಿ, ರಾಚಪ್ಪನ ಕಣ್ಣು ಹೋಯ್ತು ಕಣ್ರಪ್ಪ ಎಂದು ಸಾರಿದೆ. ಅಣ್ಣ ಅನ್ನುವುದನ್ನೂ ಬಿಟ್ಟಿದ್ದೆ. ಡ್ರೈವರುಗಳ ಬಾಯಿಗೆ ಬಿದ್ದ ಸುದ್ದಿ ಬಸ್ಸಿಗಿಂತ ಬೇಗ ಊರು ಸುತ್ತುತ್ತದೆ. ಯುಗಾದಿಯ ಹೊತ್ತಿಗೆ ಆತನ ಶೆಡ್ಡಿನ ಮುಂದೆ ಒಂದು ಗಾಡಿಯೂ ನಿಲ್ಲುತ್ತಿರಲಿಲ್ಲ. ಎರಡು ಸಲ ಅದೇ ರಸ್ತೆಯಲ್ಲಿ ಹೋದೆ. ಖಾಲಿ ಶೆಡ್ಡು ಕಂಡೂ ಗೇರು ಬದಲಿಸಿ ಮುಂದೆ ಹೋದೆ. ಎಂಥ ಕಟುಕ ನಾನು.

ಆ ಬೇಸಿಗೆ ನಮ್ಮನ್ನೆಲ್ಲ ಹುರಿದು ಹಾಕಿತು. ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಗಾಡಿ ತೊಳೆಯುತ್ತಿದ್ದೆವು. ಅವಳು ಎಡಗಡೆ ಒರೆಸುತ್ತಿದ್ದವಳು ಕೈ ನಿಲ್ಲಿಸಿ, "ಯಾವ ಬಾಗ್ಲುರೀ ಅವತ್ತು ಬಣ್ಣ ಹೊಡುಸ್ಕಂಡ್ ಬಂದುದ್ದು?" ಅಂದಳು.

ತೋರಿಸಲು ಬಂದೆ. ತೋರಿಸಲು ಆಗಲಿಲ್ಲ. ಹೊಸ ಬಣ್ಣ ಎಲ್ಲಿ ಮುಗಿದು ಹಳೆಯದು ಎಲ್ಲಿ ಶುರುವಾಗುತ್ತದೆಂದು ಬೆರಳಿಟ್ಟು ಹುಡುಕಿದರೂ ಸಿಗಲಿಲ್ಲ. ಗಾಡಿಯೆಲ್ಲ ಒಂದೇ ನೀಲಿ. ಹೊಸ ನೀಲಿ ಮೊದಲ ಬೇಸಿಗೆಯಲ್ಲಿ ಬೇಗ ಮಾಸಿ ಇಳಿಯುತ್ತದೆ, ಹಳೆಯದು ಇಳಿಯುವಷ್ಟು ಇಳಿದು ನಿಂತಿರುತ್ತದೆ. ಆತ ಅವತ್ತಿಗೆ ಹೊಂದುವ ಬಣ್ಣ ಕಲಸಿರಲಿಲ್ಲ. ಬಿಸಿಲು ಎಷ್ಟು ತಿನ್ನುತ್ತದೆಂದು ಲೆಕ್ಕ ಹಾಕಿ, ಅಷ್ಟು ಗಾಢವಾಗಿ ಕಲಸಿದ್ದ. ಮಿಕ್ಕಿದ್ದನ್ನು ಬಿಸಿಲು ಹಾಕಿತ್ತು.

ಮೊದಲು ಬಂದದ್ದು ಆತನ ಮೇಲೇ ಸಿಟ್ಟು. ಅಲ್ಲಯ್ಯಾ, ಹುಣಸೆ ಮರದ ಪಿಕ್ಕೆಯ ಬಗ್ಗೆ ಅರ್ಧ ಗಂಟೆ ಬೈದವನಿಗೆ ಇದೊಂದನ್ನು ಬಿಡಿಸಿ ಹೇಳಲು ಏನಾಗಿತ್ತು? ಆಮೇಲೆ ಹೊಳೆಯಿತು. ಹೇಳಿದ್ದ. ನಾಲ್ಕು ಜನರ ಮುಂದೆ, ಎರಡು ಸಲ, ತಡಿ ಅಂದಿದ್ದ.

ಅವತ್ತೇ ಕೊಳ್ಳೇಗಾಲಕ್ಕೆ ಹೋದೆ. ಶೆಡ್ಡಿಗೆ ಬೀಗ. ಪಕ್ಕದ ಪಂಕ್ಚರ್ ಅಂಗಡಿಯವನು, ಯಳಂದೂರಿನಲ್ಲಿರುವ ಮಗಳ ಮನೆಗೆ ಹೋದ ಎಂದು ಬೀದಿಯ ಗುರುತು ಹೇಳಿದ. ನನ್ನ ಮುಖ ನೋಡದೆಯೇ ಹೇಳಿದ. ಯಳಂದೂರು ತಲುಪುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮಗಳು ರಾಜಮ್ಮಣಿ ಬಾಗಿಲಿಗೆ ಬಂದು, ನನ್ನನ್ನು ನೋಡಿ, ನನ್ನ ಹಿಂದಿದ್ದ ಗಾಡಿಯನ್ನು ನೋಡಿದಳು.

"ನೀಲಿ ಗಾಡಿ ಅಣ್ಣನಾ?"

"ಊಂ ಕಣವ್ವ. ರಾಚಪ್ಪಣ್ಣ..."

"ಅಪ್ಪ ತೀರ್ಕಂಡು ಇಪ್ಪತ್ತು ದಿಸ ಆಯ್ತಣ್ಣ. ಎದೆನೋವು ಅಂದ್ರು. ಆಸ್ಪತ್ರೆಗ್ ಓಗೋಗಂಟ ತಡೀಲಿಲ್ಲ. ಕೆಲ್ಸ ಇಲ್ದೆ ಕುಂತಿದ್ದೇ ಅವ್ರಿಗೆ ಆಗ್ಲಿಲ್ಲ."

ನಾನು ಜಗಲಿಯ ಮೇಲೆ ಕೂತೆ. ಅವಳು ಬೈಯಲಿ ಎಂದು ಕಾದೆ. ಅಪ್ಪನ ಹೊಟ್ಟೆಯ ಮೇಲೆ ಹೊಡೆದವನು ಯಾರೆಂದು ಅವಳಿಗೆ ಗೊತ್ತಿಲ್ಲದೆ ಇರಲಾರದು. ಅವಳು ಒಳಗೆ ಹೋಗಿ ಟೀ ತಂದು ಮುಂದಿಟ್ಟಳು.

"ಅಪ್ಪ ಯೋಳಿದ್ರು," ಅಂದಳು. "ಬೇಸ್ಗೆ ಮುಗುದ್ ಮ್ಯಾಲೆ ನೀಲಿ ಗಾಡಿಯವ್ನು ಬತ್ತಾನೆ, ಏನೂ ಅನ್ಬ್ಯಾಡ, ಕೂರ್ಸಿ ಟೀ ಕೊಡು ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆತನ ಬೈಗುಳ ನನಗೆ ಅಭ್ಯಾಸವಿತ್ತು. ಟೀ ಲೋಟವನ್ನು ಅಲ್ಲೇ ಬಿಟ್ಟೆ. ಎದ್ದು ಬೀದಿಗಿಳಿದೆ. ಬರುವ ಅವಸರದಲ್ಲಿ ಗಾಡಿಯನ್ನು ನಡುಬೀದಿಯ ಬಿಸಿಲಲ್ಲೇ ನಿಲ್ಲಿಸಿಬಿಟ್ಟಿದ್ದೆ. ಎಡಬಾಗಿಲ ಮೇಲೆ ಅಂಗೈ ಊರಿದೆ. ಚುರ್ ಎಂದು ಸುಟ್ಟಿತು. ತೆಗೆಯಲಿಲ್ಲ. ಆತ ನಿಲ್ಲುತ್ತಿದ್ದಷ್ಟು ಹೊತ್ತು ನಿಲ್ಲಬೇಕೆಂದುಕೊಂಡೆ, ಅಷ್ಟು ಹೊತ್ತು ನನ್ನಿಂದ ಆಗಲಿಲ್ಲ. ಮತ್ತೆ ಊರಿದೆ.

"ಕೈ ತಗಿ ಅಣ್ಣ," ರಾಜಮ್ಮಣಿ ಜಗಲಿಯಿಂದ ಹೇಳಿದಳು. "ಗಾಡೀನ ಆ ಗೋಡೆ ಮರೆಗ್ ಹಾಕು. ಬಣ್ಣ ಓಯ್ತದೆ."