ಕೊರಳ ದಾರ

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹಿರಿಯ ರೋಗಿಯನ್ನು ಅವರ ಮಗಳು "ತಾತೊ" ಎಂದು ಕರೆದದ್ದನ್ನು ಮೊದಲ ದಿನ ಕೇಳಿದಾಗ, ಅಪ್ಪನನ್ನು ಈಕೆ ಯಾಕೆ ತಾತ ಅನ್ನುತ್ತಾಳೆ ಎಂದು ನನಗೆ ಸೋಜಿಗವಾಗಿತ್ತು. ಉಕ್ರೇನಿನವರ ಭಾಷೆಯಲ್ಲಿ ಅಪ್ಪನೇ ತಾತೊ ಎಂದು ಆಮೇಲೆ ತಿಳಿಯಿತು.

ನಾನು ಮನ್ರೋ ಎಂಬ ಊರಿನ ಹತ್ತಿರದ ಒಂದು ರಿಹ್ಯಾಬ್ ಸೆಂಟರಿನಲ್ಲಿ ಥೆರಪಿಸ್ಟ್. ಸ್ಟ್ರೋಕ್ ಆದವರಿಗೆ ಹಲ್ಲುಜ್ಜುವುದು, ಗುಂಡಿ ಹಾಕಿಕೊಳ್ಳುವುದು, ಇಂಥವನ್ನೆಲ್ಲ ಮತ್ತೆ ಕಲಿಸುವುದು ನನ್ನ ಕೆಲಸ. ಆ ಹಿರಿಯರಿಗೆ ಎಂಬತ್ತು ದಾಟಿತ್ತು, ಬಲಗೈ ಸೋತಿತ್ತು. ಏನು ಕಲಿಯಬೇಕು ಅಂತಿದ್ದೀರಿ ಎಂದು ಕೇಳಿದರೆ ಸಾಮಾನ್ಯವಾಗಿ ಎಲ್ಲರೂ ನಡೆಯಬೇಕು, ಡ್ರೈವ್ ಮಾಡಬೇಕು ಅನ್ನುತ್ತಾರೆ. ಅವರು ಮಾತ್ರ, "ಮೊಮ್ಮಗಳ ಮದುವೆಗೆ ನನ್ನ ಅಂಗಿ ನಾನೇ ಹಾಕ್ಕೋಬೇಕು, ಡಾಕ್ಟರ್" ಎಂದರು. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಮರುದಿನ ಮಗಳು ಅಂಗಿ ತಂದಳು. ದಪ್ಪ ಬಿಳಿ ನಾರುಬಟ್ಟೆ. ಕೊರಳಪಟ್ಟಿ, ಎದೆಯ ಸೀಳು, ತೋಳಿನ ತುದಿ, ಎಲ್ಲ ಕಡೆ ಕೆಂಪು ಕಪ್ಪು ದಾರದ ಕಸೂತಿ ಒತ್ತೊತ್ತಾಗಿ ತುಂಬಿತ್ತು. ತೋಳಿನ ತುದಿಗೆ ಗುಂಡಿಗಳಿವೆ, ಕೊರಳಿಗೆ ಇಲ್ಲ. ಕುಚ್ಚಿರುವ ಎರಡು ದಾರಗಳನ್ನು ಗಂಟು ಹಾಕಬೇಕು. ಒಂದೇ ಕೈಯವರಿಗೆ ಅದಕ್ಕಿಂತ ಕಷ್ಟದ್ದು ಬೇರೆ ಇಲ್ಲ.

"ತೋಳಿನ ಪಟ್ಟಿ ಕತ್ತರಿಸಿ ವೆಲ್ಕ್ರೋ ಹಾಕಿಸಲಾ?" ಎಂದು ಮಗಳು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವರು ಎಡಗೈಯಿಂದ ಅಂಗಿಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು. "ಅಲ್ಲಿ ಕತ್ತರಿ ಆಡಿಸ್ಬಾರ್ದು."

ಯಾಕೆಂದು ಕೇಳಿದೆ. ಕೆಲಸಕ್ಕೆ ಬೇಕಾಗಿತ್ತು ಅಂತಲ್ಲ, ನನಗೇ ತಡೆಯಲಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಕೊರಳು, ತೋಳು, ಅಂಚು: ಬಟ್ಟೆ ಮುಗಿದು ಮೈ ಶುರುವಾಗುವ ಜಾಗಗಳು. ಕೆಟ್ಟದ್ದು ನುಗ್ಗುವುದು ಅಲ್ಲಿಂದಲೇ ಎಂದು ಅವರ ಕಡೆಯ ಹಳಬರ ನಂಬಿಕೆ. ಅದಕ್ಕೇ ಕಸೂತಿ ಅಲ್ಲಿಯೇ ಕಾವಲು ಕೂರುತ್ತದೆ. ಅಂಗಿಯನ್ನು ತಮ್ಮ ಮದುವೆಗೆ ಮುಂಚೆ ಹೆಂಡತಿ ಹೊಲಿದದ್ದು. ಆಕೆ ಕಸೂತಿಯಲ್ಲಿ ತನ್ನ ಊರಿನ ಹೂವನ್ನು ಹಾಕಿದ್ದಳು. ಅದನ್ನು ನೋಡಿದ ಇವರ ತಾಯಿ, "ಹೋಯ್ತು, ನೀನಿನ್ನು ಅವಳ ಊರಿನವನು" ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದರಂತೆ.

"ಹೂವು ನೋಡಿದ್ರೆ ಊರು ಗೊತ್ತಾಗುತ್ತಾ?"

"ಅಮ್ಮನಿಗೆ ಗೊತ್ತಾಗ್ತಿತ್ತು. ನನಗೆ ಹೆಂಡತಿ ಮಾತ್ರ ಗೊತ್ತಾಗ್ತಾಳೆ" ಎಂದರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಆ ವಾರ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಿದೆ, "ಹೊಸ ಬಟ್ಟೆ ಹಾಕ್ಕೊಳ್ಳೋಕೆ ಮುಂಚೆ ಮೂಲೆಗೆ ಅರಿಶಿನ ಯಾಕಮ್ಮ ಹಚ್ತಿದ್ದೆ?"

"ಯಾಕೆ ಅಂದ್ರೆ? ಹಚ್ಬೇಕು, ಹಚ್ತಿದ್ವಿ. ನೀನು ಹಚ್ತಾ ಇಲ್ವಾ ಹಾಗಾದ್ರೆ?"

ನಾನು ಮಾತು ಬದಲಿಸಿದೆ. ಆದರೆ ಆ ಹಿರಿಯರಿಗೆ ಇದನ್ನು ಹೇಳಿದಾಗ ಬಹಳ ಆಸಕ್ತಿಯಿಂದ ಕೇಳಿದರು. "ಕಲೆ ಆಗಲ್ವಾ?"

"ಆಗುತ್ತೆ. ಒಳಗಡೆ ಹಚ್ತಾರೆ, ಕಾಣ್ಸಲ್ಲ."

"ಕಂಡ್ರೂ ಪರವಾಗಿಲ್ಲ" ಎಂದರು.

ಕತ್ತರಿ ಮುಟ್ಟಿಸದೆ ಅಭ್ಯಾಸ ಶುರುವಾಯಿತು. ಮೊದಲು ಸೋತ ಕೈಗೆ ತೋಳು ಏರಿಸುವುದು, ಆಮೇಲೆ ತಲೆ, ಕೊನೆಗೆ ಒಳ್ಳೆಯ ಕೈ. ತೋಳಿನ ಗುಂಡಿಗಳನ್ನು ನಾನೇ ಬಿಚ್ಚಿ ಎಲಾಸ್ಟಿಕ್ ದಾರದಲ್ಲಿ ಮತ್ತೆ ಹೊಲಿದೆ. ಕೈ ಸಲೀಸಾಗಿ ತೂರುತ್ತಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಐದು ವಾರದಲ್ಲಿ ಅಂಗಿ ಮೈಮೇಲೆ ಬಂತು. ಕೊರಳ ಗಂಟು ಮಾತ್ರ ಬರಲೇ ಇಲ್ಲ. ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಮದುವೆಗೆ ಎರಡು ದಿನವಿದ್ದಾಗ ನಾನೇ ಸೋತು, "ಮಗಳು ಕಟ್ಲಿ ಬಿಡಿ" ಎಂದೆ. ಅವರು ಅಂಗಿ ಮಡಚಿಕೊಂಡು ಹೋದರು. ಹಾಗೆ ಹೇಳಬಾರದಿತ್ತು ಎಂದು ಮನೆಗೆ ಹೋಗುವಾಗ ಕಾರಿನಲ್ಲಿ ಅನ್ನಿಸಿತು.

ಮದುವೆಯ ದಿನ ಮಗಳು ಫೋನಿಗೆ ಚಿತ್ರ ಕಳಿಸಿದಳು. ಗಂಟು ವಾರೆಯಾಗಿತ್ತು, ಒಂದು ಕುಚ್ಚು ಹೊಟ್ಟೆಯವರೆಗೆ ಇಳಿದಿತ್ತು, ಇನ್ನೊಂದು ಗದ್ದಕ್ಕೆ ತಾಗುತ್ತಿತ್ತು. ಕೆಳಗೆ ಬರೆದಿದ್ದಳು: "ಬಾಗಿಲು ಹಾಕ್ಕೊಂಡು ಒಬ್ಬರೇ ಕಟ್ಟಿಕೊಂಡ್ರು."

ಮುಂದಿನ ವಾರ ಬಂದಾಗ ಹೇಗೆ ಕಟ್ಟಿದಿರಿ ಎಂದು ಕೇಳಿದೆ. ಅವರು ಬಾಯಿ ಅಗಲಿಸಿ ತೋರಿಸಿದರು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರಂತೆ.

"ಎಲ್ಲಾ ನನ್ನವೇ ಹಲ್ಲು, ಡಾಕ್ಟರ್. ಒಂದೂ ಕಟ್ಟಿಸಿದ್ದಲ್ಲ."

ಆ ದಿನ ನಾವು ಚಮಚ ಹಿಡಿಯುವುದನ್ನು ಶುರುಮಾಡಿದೆವು.