ಎದೆಯ ಮೇಲಿನ ಬಿಳಿ

ಓಣಿಯವರೆಲ್ಲ ಅವಳನ್ನು ನಾಯಿ ಅಕ್ಕ ಎನ್ನುತ್ತಿದ್ದರು. ನಾಯಿ ಸಾಕಿ ಮಾರುವುದು ಗಂಡನ ಕಸುಬು. ಹೇಲು ಬಳಿಯುವುದು, ಕೂದಲು ಬಾಚುವುದು, ಮರಿ ಹಾಕುವಾಗ ಪಕ್ಕದಲ್ಲಿ ಕೂರುವುದು ಅವಳ ಪಾಲು. ಹತ್ತೊಂಬತ್ತು ವರ್ಷದ ಸಂಸಾರವೆಲ್ಲ ಹಿಂದಿನ ಕೋಣೆಯ ಸಿಮೆಂಟ್ ನೆಲದ ಮೇಲೆಯೇ ನಡೆಯಿತು.

ಅವರ ಮನೆಯದು ಟೆರಿಯರ್ ಎಂಬ ಜಾತಿಯ ನಾಯಿ, ಮರಿ ಹುಟ್ಟುವಾಗ ಕಪ್ಪು. ಹುಬ್ಬಿನ ಮೇಲೆ, ಕಾಲಿನ ತುದಿಯಲ್ಲಿ ಚೂರು ಕಂದು. ಅಷ್ಟೇ ಇರಬೇಕು. ಮೂರನೆಯ ದಿನ ಗಂಡ ಒಂದೊಂದನ್ನೇ ಅಂಗೈ ಮೇಲೆ ಅಂಗಾತ ಮಲಗಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಎದೆಯಲ್ಲಿ ಬಿಳಿ ಕಂಡರೆ, "ಬೆರಕೆ. ತಗೋ" ಎಂದು ಅವಳ ಕೈಗಿಡುತ್ತಿದ್ದ. ಬಕೆಟ್ಟಿನಲ್ಲಿ ಮುಳುಗಿಸುವುದೂ ಅವಳ ಕೆಲಸವೇ. ಮೊದಲ ವರ್ಷ ಅತ್ತಳು. ಆಮೇಲೆ ಅಳುವುದನ್ನು ಬಿಟ್ಟಳು.

"ನಿನ್ ಗಂಡ ಮರಿ ನೋಡಿದಂಗೆ ನಮ್ಮಪ್ಪ ಅಳಿಯನ್ನ ತಿರುಗಿಸಿ ಮುರುಗಿಸಿ ನೋಡಿದ್ರೆ ನಾನ್ಯಾಕೆ ಮಿಷನ್ ತುಳೀತಿದ್ದೆ?" ಎಂದು ಪಕ್ಕದ ಮನೆಯ ದರ್ಜಿ ಹೆಂಗಸು ನಗುತ್ತಿದ್ದಳು. ಅಕ್ಕನಿಗೆ ಅದು ಗಂಡನ ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅವನು ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಬಿದ್ದು ಸತ್ತ. ಇಪ್ಪತ್ತು ದಿನಕ್ಕೆ ಹೆಣ್ಣುನಾಯಿ ನಾಲ್ಕು ಮರಿ ಹಾಕಿತು. ಜೋಡಿ ಕೂಡಿಸಿದ್ದು ಅವನೇ. ತಳಿ ಸಂಘದ ಸಾಹೇಬರು ಬಂದು ನೋಡಿ ಶುದ್ಧ ತಳಿಯೆಂದು ಕಾಗದ ಬರೆದುಕೊಟ್ಟರೆ, ಕೊನೆಯ ಸಲ ಅದರಲ್ಲಿ ಅವನ ಹೆಸರು ಬರುತ್ತದೆ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಎಲ್ಲಕ್ಕಿಂತ ಸಣ್ಣದರ ಎದೆಯಲ್ಲಿ ಹುಣಸೆ ಬೀಜದಷ್ಟು ಬಿಳಿ ಇತ್ತು.

ಒಂದು ಬೆರಕೆ ಕಂಡರೆ ನಾಲ್ಕನ್ನೂ ತಿರಸ್ಕರಿಸುತ್ತಾರೆ, ಅವನ ಹೆಸರು ಮಣ್ಣುಪಾಲಾಗುತ್ತದೆ ಎಂದುಕೊಂಡಳು. ಬಕೆಟ್ ತುಂಬಿಸಿದಳು. ಆದರೆ ಈ ಸಲ ಕೈ ಮುಂದಾಗಲಿಲ್ಲ. ಅವನು ಬಿಟ್ಟುಹೋದ ಜೀವ. ಕನ್ನಡಿಯ ಹಿಂದೆ ಅವನ ಮೀಸೆಗೆ ಹಚ್ಚುವ ಕಪ್ಪು ಬಣ್ಣ ಇನ್ನೂ ಅರ್ಧ ಬಾಟಲಿ ಉಳಿದಿತ್ತು. ಸಾಹೇಬರು ಯಾವತ್ತು ಬಂದುಬಿಡುತ್ತಾರೋ ಎಂದು ಅದನ್ನು ಹಲ್ಲುಜ್ಜುವ ಬ್ರಷ್ಷಿಗೆ ಹಾಕಿಕೊಂಡು ಆ ಬಿಳಿಯ ಮೇಲೆ ಬಳಿದಳು.

ತಾಯಿ ಮೂಸಿ ನೋಡಿತು. ಗುರ್ ಎಂದು ಮರಿಯನ್ನು ಮೂತಿಯಿಂದ ಆಚೆ ತಳ್ಳಿತು. ಮತ್ತೆ ತಂದಿಟ್ಟರೆ ಕಚ್ಚಲು ಬಂತು.

"ಮುಂಡೇದೇ, ನಿನ್ ಹೊಟ್ಟೇಲಿ ಹುಟ್ಟಿದ್ದು ಕಣೇ!" ಎಂದು ಅಕ್ಕ ಅದರ ಮೂತಿಗೆ ಹೊಡೆದಳು.

ಸೋಪು ಹಚ್ಚಿ ತೊಳೆದಳು. ವಾಸನೆ ಹೋಗಲಿಲ್ಲ, ಮರಿಯ ಮೈ ಮಾತ್ರ ತಣ್ಣಗಾಯಿತು. ಹತ್ತಿ ಅದ್ದಿ ಹಾಲು ಹಿಂಡಿದಳು, ಮಡಿಲಲ್ಲಿ ಇಟ್ಟುಕೊಂಡಳು. ಮೂರನೆಯ ದಿನ ಬೆಳಿಗ್ಗೆ ಸೆಟೆದುಕೊಂಡಿತ್ತು. ಗಂಡನ ಬನಿಯನ್ನಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದಳು.

ತಿಂಗಳು ಕಳೆದು ಸಾಹೇಬರು ಬಂದರು. ಮರಿಗಳ ಬಾಯಿ, ಕಿವಿ, ಕೂದಲು ಎಲ್ಲ ನೋಡಿದರು.

"ಮೂರೇನಾ?"

"ಒಂದು ಹೋಯ್ತು ಸಾರ್. ಅದರ ಎದೇಲಿ ಬಿಳಿ ಇತ್ತು."

"ಇದ್ರೇನಮ್ಮಾ? ಈ ತಳೀಲಿ ಅಷ್ಟು ಬಿಳಿ ಇರೋದೇ. ಬೆಳೀತಾ ಬೆಳೀತಾ ತಾನಾಗೇ ಹೋಗತ್ತೆ. ಈ ತಾಯಿಗೂ ಇತ್ತು. ನೀವು ಇದನ್ನ ತಂದ ಮನೇಲಿ, ಇದು ಮರಿಯಾಗಿದ್ದಾಗ ನಾನೇ ನೋಡಿದ್ದೆ."

ಅಕ್ಕ ಬಗ್ಗಿ ತಾಯಿನಾಯಿಯ ಎದೆಯ ಕೂದಲು ಸರಿಸಿ ನೋಡಿದಳು. "ಇದು ಅವರಿಗೆ ಗೊತ್ತಿತ್ತಾ?"

"ನಿಮ್ಮೋರಿಗಾ? ಹತ್ತು ಸಲ ಹೇಳಿದೀನಿ. 'ಮರಿ ಕೊಳ್ಳೋಕೆ ಬರೋರಿಗೆಲ್ಲ ಯಾರು ಸಾರ್ ವಿವರಿಸ್ತಾ ಕೂರ್ತಾರೆ? ಹೆಂಡ್ತಿ ಇದಾಳೆ, ಬಕೆಟ್ ಇದೆ' ಅಂತ ನಗೋರು. ತಮಾಷೆ ಮನುಷ್ಯ."

ಸಾಹೇಬರು ಪೆನ್ನು ತೆಗೆದರು. "ಸಾಕಿದವರು ಅಂತ ಯಾರ ಹೆಸರು ಹಾಕ್ಲಿ? ನಿಮ್ದೇ ಹಾಕಬಹುದು."

"ಅವರದೇ ಹಾಕಿ," ಎಂದಳು. ಆಮೇಲೆ ಕೇಳಿದಳು, "ಮುಳುಗಿಸಿದೋರ ಹೆಸರು ಬರೆಯೋಕೆ ಜಾಗ ಇದ್ಯಾ ಅದ್ರಲ್ಲಿ?"

"ಏನಂದ್ರಿ?"

"ಏನಿಲ್ಲ. ಬರ್ಕೊಳ್ಳಿ."

ಮರಿಗಳ ಕೆಳಗೆ ಹಾಸಿದ್ದ ಹಳೆ ಕಾಗದ ಒದ್ದೆಯಾಗಿತ್ತು. ಬಗ್ಗಿ ಅದನ್ನು ಎಳೆದು ಹಾಕಿ ಬೇರೆ ಹಾಸಿದಳು.